ಬಾಯಿ ಒಣಗುವ ಕಾಯಿಲೆಯ ಹಿಂದೆ ವೈರಸ್ ಇದೆಯೇ?

ಪ್ರಶ್ನೆ: ನನಗೆ 46 ವರ್ಷ. ಎರಡು ವರ್ಷದಿಂದ ಕಣ್ಣು, ಬಾಯಿ ಒಣಗುತ್ತಿವೆ. ನೀರು ಕುಡಿಯದೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ರಕ್ತದಲ್ಲಿ ಆ್ಯಂಟಿ-ರೋ ಎಂಬ ಪ್ರತಿಕಾಯ ಪಾಸಿಟಿವ್ ಬಂದಿದ್ದು, ಶೋಗ್ರೆನ್ಸ್ ಕಾಯಿಲೆ ಎಂದಿದ್ದಾರೆ. ಎಪ್‌ಸ್ಟೀನ್-ಬಾರ್ ವೈರಸ್ ವಿರುದ್ಧದ ಐಜಿಜಿ ಪ್ರತಿಕಾಯವೂ ಪಾಸಿಟಿವ್. ವೈರಸ್ ಕೊಲ್ಲುವ ಮಾತ್ರೆಯಿಂದ ಗುಣವಾದೀತೇ?
– ಓದುಗರು, ವಿಜಯಪುರ

ಉತ್ತರ: ಇಲ್ಲ. ಆ ಐಜಿಜಿ ವರದಿಗೆ ತಲೆ ಕೆಡಿಸಿಕೊಳ್ಳಬೇಡಿ. ವಯಸ್ಕರಲ್ಲಿ ಶೇ 90ಕ್ಕೂ ಹೆಚ್ಚು ಮಂದಿಗೆ ಈ ವೈರಸ್ ಎಂದೋ ತಗುಲಿರುತ್ತದೆ. ಅದು ಬಿ-ಕಣಗಳೆಂಬ ಬಿಳಿ ರಕ್ತಕಣಗಳಲ್ಲಿ ಜೀವನವಿಡೀ ಅಡಗಿ ಕೂತಿರುತ್ತದೆ. ಹಾಗೆಂದು ಅದರ ಮೇಲಿನ ಅನುಮಾನ ಬುಡವಿಲ್ಲದ್ದಲ್ಲ. ಶೋಗ್ರೆನ್ಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ರೋ, ಲಾ ಎಂಬ ತನ್ನದೇ ಪ್ರೋಟೀನುಗಳ ಮೇಲೆ ತಿರುಗಿ ಬೀಳುತ್ತದೆ, ಜೊಲ್ಲು, ಕಣ್ಣೀರಿನ ಗ್ರಂಥಿಗಳನ್ನು ಹಾಳುಮಾಡುತ್ತದೆ. ಈ ವೈರಸ್ ತಯಾರಿಸುವ ಪುಟ್ಟ ಆರ್‌ಎನ್‌ಎಗಳು ಅದೇ ಲಾ ಪ್ರೋಟೀನಿಗೆ ಅಂಟಿಕೊಳ್ಳುತ್ತವೆಂದು 1981ರಲ್ಲೇ ಕಂಡುಬಂದಿತ್ತು. ಸೋಂಕು ತಗುಲಿದ ಗ್ರಂಥಿಯ ಜೀವಕೋಶ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನನ್ನು ಸುರಿಸುತ್ತದೆ. ಅದರಿಂದ ಬಿ-ಕಣಗಳನ್ನು ಬದುಕಿಸಿಡುವ ಬಾಫ್ ಎಂಬ ಪ್ರೋಟೀನು ಹೆಚ್ಚುತ್ತದೆ. ಆ ಕಣಗಳು ಪ್ರತಿಕಾಯ ತಯಾರಿಸುತ್ತವೆ. ಪ್ರತಿಕಾಯಗಳು ಮತ್ತೆ ಇಂಟರ್‌ಫೆರಾನನ್ನು ಕೆರಳಿಸುತ್ತವೆ. ಒಮ್ಮೆ ಈ ಚಕ್ರ ತಿರುಗತೊಡಗಿದರೆ ಅದಕ್ಕೆ ವೈರಸ್‌ನ ಹಂಗಿಲ್ಲ. ವಂಶವಾಹಿಯ ಒಲವು ಇದ್ದವರಲ್ಲಿ ವೈರಸ್ ಕಿಡಿ ಹಚ್ಚಿರಬಹುದು ಎಂಬಲ್ಲಿಗೆ ಇಂದಿನ ತಿಳಿವಳಿಕೆ ನಿಲ್ಲುತ್ತದೆ. ಅಸೈಕ್ಲೊವಿರ್‌ನಂಥ ಮಾತ್ರೆಗಳು ಹೆಚ್ಚುತ್ತಿರುವ ವೈರಸ್ಸನ್ನಷ್ಟೇ ತಡೆಯುತ್ತವೆ, ಅಡಗಿದ್ದನ್ನು ಮುಟ್ಟುವುದೇ ಇಲ್ಲ.

ನಿಮ್ಮ ಹಣ, ಗಮನ ಹಲ್ಲಿನ ಕಡೆಗಿರಲಿ. ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬುಡದಿಂದ ಹುಳುಕಾಗುತ್ತದೆ: ಫ್ಲೋರೈಡ್ ಹೆಚ್ಚಿರುವ ಪೇಸ್ಟನ್ನು ದಂತವೈದ್ಯರಿಂದ ಬರೆಸಿಕೊಳ್ಳಿ, ಸಕ್ಕರೆರಹಿತ ಗಮ್ ಅಗಿಯಿರಿ. ಪೈಲೋಕಾರ್ಪಿನ್ 5 ಮಿ.ಗ್ರಾಂ ಮಾತ್ರೆ ಉಳಿದ ಗ್ರಂಥಿಯಿಂದ ಜೊಲ್ಲು ಸುರಿಸುತ್ತದೆ, ಬೆವರನ್ನೂ ಸುರಿಸುತ್ತದೆ. ಹತೋಟಿಗೆ ಬಾರದ ಅಸ್ತಮಾ ಅಥವಾ ಕಿರುಕೋನದ ಗ್ಲುಕೋಮಾ (ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ) ಇದ್ದರೆ ಬೇಡ. ಖಿನ್ನತೆ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಅಥವಾ ಅಲರ್ಜಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ, ಅವೂ ಬಾಯಿ ಒಣಗಿಸುತ್ತವೆ. ಕೆನ್ನೆಯ ಗ್ರಂಥಿ ಊದಿ ಇಳಿಯದೇ ಉಳಿದರೆ ತಡಮಾಡದೆ ತೋರಿಸಿ. ಈ ಕಾಯಿಲೆಯಲ್ಲಿ ಲಿಂಫೋಮಾ ಎಂಬ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ ಹೆಚ್ಚು.

ಪ್ರಶ್ನೆ: ಅಕ್ಕನಿಗೆ ಬಾಯಿ ಒಣಗುತ್ತದೆಂದು ಹೋದರೆ ಎಚ್‌ಐವಿ, ಹೆಪಟೈಟಿಸ್ ಸಿ ಪರೀಕ್ಷೆ ಬರೆದರು. ಮನೆಯಲ್ಲಿ ಎಲ್ಲರಿಗೂ ನೋವಾಗಿದೆ. ಬೇಕಿತ್ತೇ?
– ಓದುಗರು, ಶಿವಮೊಗ್ಗ

ಉತ್ತರ: ಖಂಡಿತ ಬೇಕು, ಅದರಲ್ಲಿ ಅವಮಾನದ ಮಾತೇ ಇಲ್ಲ. ಈ ಎರಡು ವೈರಸ್‌ಗಳು ಶೋಗ್ರೆನ್ಸ್‌ನ ವೇಷ ಹಾಕುತ್ತವೆ, ಎರಡಕ್ಕೂ ಚಿಕಿತ್ಸೆ ಇದೆ. ಎಚ್‌ಐವಿಯಲ್ಲಿ ಎರಡೂ ಕೆನ್ನೆಯ ಗ್ರಂಥಿ ನೋವಿಲ್ಲದೆ ದಪ್ಪಗಾಗಬಹುದು. ಗ್ರಂಥಿಯೊಳಗೆ ನುಗ್ಗುವುದು ಹೆಚ್ಚಾಗಿ ಸಿಡಿ8 ಎಂಬ ಬಿಳಿ ರಕ್ತಕಣಗಳು (ಶೋಗ್ರೆನ್ಸ್‌ನಲ್ಲಿ ಮೊದಮೊದಲು ಸಿಡಿ4 ಎಂಬ ಇನ್ನೊಂದು ಬಗೆ), ಆ್ಯಂಟಿ-ರೋ ಸಾಮಾನ್ಯವಾಗಿ ಇರುವುದಿಲ್ಲ. 2016ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸಕ್ರಿಯ ಹೆಪಟೈಟಿಸ್ ಸಿ ಇದ್ದವರನ್ನು ಶೋಗ್ರೆನ್ಸ್ ಎಂದು ವರ್ಗೀಕರಿಸುವಂತಿಲ್ಲ. ಇಲ್ಲೊಂದು ತಪ್ಪು ಆಗಾಗ ನಡೆಯುತ್ತದೆ: ಹೆಪಟೈಟಿಸ್ ಸಿ ಪ್ರತಿಕಾಯ ಪಾಸಿಟಿವ್ ಬಂದ ಮಾತ್ರಕ್ಕೆ ಸೋಂಕು ಇದೆ ಎನ್ನುವುದು. ಗುಣವಾದ ಮೇಲೂ ಪ್ರತಿಕಾಯ ಉಳಿಯುತ್ತದೆ. ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪಿಸಿಆರ್ ಪರೀಕ್ಷೆ ಮಾಡಿಸಲೇಬೇಕು. ಸೋಂಕು ಇದ್ದರೆ ಸೊಫೊಸ್ಬುವಿರ್ ಮತ್ತು ಡಕ್ಲಾಟಸ್ವಿರ್ ಮಾತ್ರೆ ಸಾಮಾನ್ಯವಾಗಿ 12 ವಾರ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಕೇಂದ್ರಗಳಲ್ಲಿ ಉಚಿತ.

ಜಪಾನಿನ ನಾಗಸಾಕಿ ಕಡೆ ಎಚ್‌ಟಿಎಲ್‌ವಿ-1 ಎಂಬ ವೈರಸ್ಸನ್ನೂ ಹುಡುಕುತ್ತಾರೆ, ಅಲ್ಲಿ ಅದು ಸಾಮಾನ್ಯ. ನಮ್ಮಲ್ಲಿ ಎಲ್ಲರಿಗೂ ಬೇಕಿಲ್ಲ.

ಪ್ರಶ್ನೆ: ಒಂಬತ್ತು ವರ್ಷದ ಮಗಳಿಗೆ ನಾಲ್ಕನೇ ಸಲ ಮಂಗನಬಾವು. ಮತ್ತೆ ಮತ್ತೆ ಬರುತ್ತದೆಯೇ?
– ಓದುಗರು, ಪುತ್ತೂರು

ಉತ್ತರ: ಮಂಗನಬಾವು ಒಮ್ಮೆ ಬಂದರೆ ಸಾಮಾನ್ಯವಾಗಿ ಬದುಕಿಗೆಲ್ಲ ರಕ್ಷಣೆ ಕೊಟ್ಟು ಹೋಗುತ್ತದೆ. ನಾಲ್ಕು ಸಲ ಊದಿದ್ದು ಬೇರೇನೋ. ಮಕ್ಕಳಲ್ಲಿ ಪದೇಪದೇ ಬಂದು ಹರೆಯದ ಹೊತ್ತಿಗೆ ತಾನಾಗಿ ನಿಲ್ಲುವ ಪರೋಟಿಡ್ (ಕೆನ್ನೆಯ ಜೊಲ್ಲುಗ್ರಂಥಿ) ಉರಿಯೂತವೇ ಹೆಚ್ಚು. ಆದರೆ ಮಕ್ಕಳ ಶೋಗ್ರೆನ್ಸ್ ಕೂಡ ಹೀಗೆಯೇ ಶುರುವಾಗುತ್ತದೆ, ಬಾಯಿ ಒಣಗುವುದು ವರ್ಷಗಳ ನಂತರ. ಗ್ರಂಥಿಯ ಅಲ್ಟ್ರಾಸೌಂಡ್, ಎಎನ್ಎ (ಸ್ವಂತ ದೇಹದ ಮೇಲೆ ತಿರುಗಿದ ಪ್ರತಿಕಾಯದ ಪರೀಕ್ಷೆ), ಆ್ಯಂಟಿ-ರೋ, ಎಚ್‌ಐವಿ ಪರೀಕ್ಷೆ ಮಾಡಿಸಿ. ಪ್ರತಿ ಸಲ ಕೇಳದೆ ಆ್ಯಂಟಿಬಯಾಟಿಕ್ ಕೊಡಬೇಡಿ; ಜ್ವರ ಬಂದು, ಒತ್ತಿದಾಗ ಕೆನ್ನೆಯೊಳಗಿನ ನಾಳದಿಂದ ಕೀವು ಬಂದರೆ ಮಾತ್ರ ಅದರ ಕೆಲಸ.