ನೀಲಿ ಹೆಲ್ಮೆಟ್‌ನವರ ಕಾಲ ಮುಗಿಯಿತೇ?

ಪ್ರಶ್ನೆ: ನೀಲಿ ಹೆಲ್ಮೆಟ್ ತೊಡುವ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಪಶ್ಚಿಮ ಆಫ್ರಿಕಾದ ಮಾಲಿಯಿಂದ ಆಗಲೇ ಹೊರಟುಹೋಯಿತು. ಲೆಬನಾನ್‌ನಲ್ಲಿ 1978ರಿಂದ ಇರುವ ಪಡೆಯ ಕೆಲಸವೂ 2026ರ ಕೊನೆಗೆ ನಿಲ್ಲುತ್ತದಂತೆ. ಹಾಗಾದರೆ ಇವರ ಕಥೆ ಮುಗಿದ ಹಾಗೇ ಅಲ್ವಾ?

ಉತ್ತರ: ಪೂರ್ತಿ ಮುಗಿಯಿತು ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. ಆದರೆ ಸಾವಿರಾರು ಸೈನಿಕರನ್ನು ಒಂದೇ ದೇಶಕ್ಕೆ ಕಳಿಸುವ ಕಾಲ ಸದ್ಯಕ್ಕಂತೂ ಹೋಯಿತು. 2014ರಲ್ಲಿ ಮಧ್ಯ ಆಫ್ರಿಕಾ ಗಣರಾಜ್ಯಕ್ಕೆ ಹೋದದ್ದೇ ಅಂಥ ಕೊನೆಯ ದೊಡ್ಡ ಪಡೆ.

ಈ ಪಡೆ ಇರುವುದು ಯುದ್ಧ ಗೆಲ್ಲುವುದಕ್ಕಲ್ಲ. ಜಗಳವಾಡಿದವರು ಒಪ್ಪಿದ ಮೇಲೆ ನಡುವೆ ನಿಲ್ಲುವುದಕ್ಕೆ. ಲೈಬೀರಿಯಾದಲ್ಲಿ 2003ರಲ್ಲಿ ಒಪ್ಪಂದವಾಗಿತ್ತು, ಪಡೆ ಹೋಯಿತು, 2018ರಲ್ಲಿ ಕೆಲಸ ಮುಗಿಸಿ ಬಂತು. ಮಾಲಿಯಲ್ಲಿ ಜಿಹಾದಿ ಗುಂಪುಗಳು ಯಾವ ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲ, ಕೊನೆಗೆ 2023ರಲ್ಲಿ ಅಲ್ಲಿನ ಸೇನಾ ಸರ್ಕಾರವೇ 'ಹೊರಡಿ' ಅಂದಿತು. ಆ ಅಕ್ಟೋಬರ್ ಕೊನೆಗೆ ಕಿಡಾಲ್ ನೆಲೆ ಬಿಟ್ಟು ಹೊರಟ ವಾಹನಗಳ ಸಾಲಿಗೆ ದಾರಿಯಲ್ಲಿ ಮತ್ತೆ ಮತ್ತೆ ಬಾಂಬ್ ಸಿಡಿದು ಹಲವು ಸೈನಿಕರು ಗಾಯಗೊಂಡರು. ಹೊತ್ತು ತರಲಾಗದ ಸಲಕರಣೆಗಳನ್ನು ತಾವೇ ನಾಶ ಮಾಡಿ ಬರಬೇಕಾಯಿತು. ಕಾಯುವುದಕ್ಕೆ ಶಾಂತಿಯೇ ಇಲ್ಲದ ಕಡೆ ಶಾಂತಿ ಕಾಯಲು ಕಳಿಸಿದರೆ ಇನ್ನೇನಾಗುತ್ತದೆ?

ಪ್ರಶ್ನೆ: ದುಡ್ಡಿಲ್ಲ ಅನ್ನುತ್ತಾರಲ್ಲ, ಅದು ಸುಮ್ನೆ ನೆಪವೇ?

ಉತ್ತರ: ನೆಪವಲ್ಲ, ನಿಜ. ಈ ಖರ್ಚಿನ ಸುಮಾರು ಅರ್ಧದಷ್ಟು ಅಮೆರಿಕ ಮತ್ತು ಚೀನಾ ಎರಡೇ ದೇಶಗಳ ಪಾಲು. ಅವು ತಡ ಮಾಡಿದರೆ, ಅಥವಾ ಕೈ ಬಿಗಿ ಹಿಡಿದರೆ, ಎಲ್ಲ ಕಡೆಯೂ ತಾಪತ್ರಯ. 2025ರ ಅಕ್ಟೋಬರ್‌ನಲ್ಲಿ ಸುಮಾರು ಕಾಲು ಭಾಗ ಸೈನಿಕರನ್ನು ಕಡಿಮೆ ಮಾಡುತ್ತೇವೆ ಎಂದು ವಿಶ್ವಸಂಸ್ಥೆ ಹೇಳಿದ್ದು ಇದಕ್ಕೇ. ನನಗೆ ಸಿಟ್ಟು ಬರುವುದು ಇಲ್ಲಿ: ಭದ್ರತಾ ಮಂಡಳಿಯಲ್ಲಿ ಕೈ ಎತ್ತಿ ಪಡೆಗೆ ಉದ್ದುದ್ದ ಕೆಲಸದ ಪಟ್ಟಿ ಕೊಡುವವರೇ ಆಮೇಲೆ ಬಾಕಿ ಉಳಿಸಿಕೊಳ್ಳುತ್ತಾರೆ, ಅಪಾಯದಲ್ಲಿ ನಿಲ್ಲುವವರು ಮಾತ್ರ ಹೆಚ್ಚಾಗಿ ನೇಪಾಳ, ಬಾಂಗ್ಲಾದೇಶ, ರುವಾಂಡಾ, ಭಾರತದ ಹುಡುಗರು.

ಪ್ರಶ್ನೆ: ಹಾಗಾದರೆ ಮುಂದೆ ಯಾರು ಹೋಗುತ್ತಾರೆ?

ಉತ್ತರ: ಬೇರೆಯವರ ಸೈನ್ಯ, ವಿಶ್ವಸಂಸ್ಥೆಯ ಹಣ ಅನ್ನುವುದು ಒಂದು ದಾರಿ. ಆಫ್ರಿಕನ್ ಒಕ್ಕೂಟ ನಡೆಸುವ ಕಾರ್ಯಾಚರಣೆಗೆ ಶೇಕಡ 75ರವರೆಗೆ ಹಣ ಕೊಡಬಹುದು ಎಂದು 2023ರ ಡಿಸೆಂಬರ್‌ನಲ್ಲೇ ನಿರ್ಣಯವಾಗಿದೆ. ಹೈಟಿಗೆ ಕೀನ್ಯಾ ನೇತೃತ್ವದಲ್ಲಿ ಪೊಲೀಸರು ಹೋದದ್ದೂ ವಿಶ್ವಸಂಸ್ಥೆಯ ಪಡೆಯಾಗಿ ಅಲ್ಲ, ಅದರ ಅನುಮತಿ ಪಡೆದು ಅಷ್ಟೇ. ಇದರಲ್ಲಿ ತೊಡಕೂ ಇದೆ. ಪಕ್ಕದ ದೇಶದ ಸೈನ್ಯ ಬೇಗ ಬರುತ್ತದೆ ನಿಜ, ಆದರೆ ಅದಕ್ಕೆ ಅಲ್ಲಿ ತನ್ನದೇ ಲೆಕ್ಕಾಚಾರ ಇರುತ್ತದೆ. ತಪ್ಪು ಮಾಡಿದರೆ ಕೇಳುವವರು ಯಾರು ಅನ್ನುವುದೂ ಸ್ಪಷ್ಟವಿರುವುದಿಲ್ಲ. ಕದನವಿರಾಮ ರೇಖೆಯಲ್ಲಿ ನಿಂತು ಯಾರು ಮೊದಲು ಗುಂಡು ಹಾರಿಸಿದರು ಎಂದು ಬರೆದಿಡುವ ಚಿಕ್ಕ ವೀಕ್ಷಕ ತಂಡಗಳು ಮಾತ್ರ ಉಳಿಯುತ್ತವೆ ಅನ್ನಿಸುತ್ತದೆ. 1948ರಲ್ಲಿ ಈ ಕೆಲಸ ಶುರುವಾದದ್ದೂ ಅಂಥ ನಿಶ್ಶಸ್ತ್ರ ವೀಕ್ಷಕರಿಂದಲೇ.