ನೊರೆಗೆ ಮದ್ದು ರೆಗ್ಯುಲೇಟರಿನಲ್ಲಿಲ್ಲ

ಅಮೆರಿಕದಲ್ಲಿ ನೆಲೆಸಿ, ಮನೆಯ ಬೇಸ್‌ಮೆಂಟಿನಲ್ಲಿ ಸಣ್ಣ ಬಾರ್ ಮಾಡಿಕೊಂಡಿರುವ ಕನ್ನಡಿಗರಿಂದ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಬಿಯರಿನ ನೊರೆಯದೇ. ಕೆಗ್ (ಬಿಯರ್ ತುಂಬಿದ ಲೋಹದ ಪೀಪಾಯಿ) ಎಲ್ಲಿ ಸಿಗುತ್ತದೆ, ಅದರ ಬಾಯಿಗೆ ಅನಿಲದ ಮತ್ತು ಬಿಯರಿನ ಪೈಪುಗಳನ್ನು ಜೋಡಿಸುವ ಕಪ್ಲರ್ ಹೇಗೆ ಕೂರಿಸಬೇಕು ಎಂಬುದನ್ನು ಅಂಗಡಿಯವರೇ ತೋರಿಸಿಕೊಡುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಪ್ರಶ್ನೆ: ಕೆಜರೇಟರ್ (ಕೆಗ್ ಇಡುವ, ನಲ್ಲಿಯಿರುವ ಫ್ರಿಜ್) ಕೊಂಡು, ಸಿಕ್ಸ್ತ್ ಬ್ಯಾರೆಲ್ ಎಂಬ ಸಣ್ಣ ಅಳತೆಯ ಕೆಗ್ ಕೂರಿಸಿದ್ದೇನೆ. ಲೋಟದ ಅರ್ಧಕ್ಕಿಂತ ಹೆಚ್ಚು ನೊರೆಯೇ ಬರುತ್ತಿದೆ. ಬಿಯರನ್ನು ತಳ್ಳುವ ಅನಿಲದ ಒತ್ತಡವನ್ನು 12ರಿಂದ 5 ಪಿಎಸ್‌ಐಗೆ (ಚದರ ಇಂಚಿಗೆ ಇಷ್ಟು ಪೌಂಡು ಎಂಬ ಒತ್ತಡದ ಅಳತೆ) ಇಳಿಸಿದರೂ ಪ್ರಯೋಜನವಾಗಲಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಒತ್ತಡವನ್ನು ಮತ್ತೆ 12ಕ್ಕೆ ಏರಿಸಿ. ನೊರೆ ಬಂದೊಡನೆ, ಸಿಲಿಂಡರಿನಿಂದ ಬರುವ ಅನಿಲದ ಒತ್ತಡವನ್ನು ಹೊಂದಿಸುವ ರೆಗ್ಯುಲೇಟರಿನ ತಿರುಪಿಗೆ ಕೈಹಾಕುವ ಅಭ್ಯಾಸವನ್ನು ಯಾರು ಕಲಿಸಿದರೋ ತಿಳಿಯದು, ಆದರೆ ವಿಡಿಯೊಗಳಲ್ಲಿ ಸ್ವಯಂಘೋಷಿತ ಪಂಡಿತರು ಇದನ್ನೇ ಹೇಳುತ್ತಿದ್ದಾರೆ, ಜನ ಒಳ್ಳೆಯ ಬಿಯರನ್ನು ಸಿಂಕಿಗೆ ಸುರಿಯುತ್ತಿದ್ದಾರೆ. ಸಾಮಾನ್ಯ ಲಾಗರ್ ಅಥವಾ ಏಲ್‌ನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ 38 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಕರಗಿದ ಸ್ಥಿತಿಯಲ್ಲೇ ಉಳಿಯಬೇಕಾದರೆ ಅದರ ಮೇಲೆ ಸುಮಾರು 11ರಿಂದ 12 ಪಿಎಸ್‌ಐ ಒತ್ತಡ ಇರಲೇಬೇಕು. ಅದನ್ನು 5ಕ್ಕೆ ಇಳಿಸಿದರೆ ಅನಿಲವು ಕೆಗ್‌ನಲ್ಲೂ ಪೈಪಿನಲ್ಲೂ ಬಿಯರಿನಿಂದ ಬಿಟ್ಟುಕೊಂಡು ಗುಳ್ಳೆಯಾಗುತ್ತದೆ, ಆ ಗುಳ್ಳೆಗಳೇ ಲೋಟದಲ್ಲಿ ನೊರೆಯಾಗುತ್ತವೆ. ಕೆಲವು ದಿನ ಹೀಗೆಯೇ ಬಿಟ್ಟರೆ ನೊರೆ ನಿಲ್ಲುವುದು ನಿಜ, ಆದರೆ ಅಷ್ಟರಲ್ಲಿ ಬಿಯರ್ ಸಪ್ಪೆಯಾಗಿರುತ್ತದೆ. ಟಾರ್ಚ್ ಹಿಡಿದು ಕಪ್ಲರಿನ ಮೇಲಿನ ಪಾರದರ್ಶಕ ಪೈಪನ್ನು ನೋಡಿ: ನಲ್ಲಿ ಮುಚ್ಚಿದ್ದಾಗಲೂ ಅಲ್ಲಿ ಸಣ್ಣ ಗುಳ್ಳೆಗಳು ಮೇಲೇರಿ ಬಿಯರಿನ ನಡುವೆ ಗಾಳಿಯ ತುಂಡುಗಳಾಗಿ ನಿಂತಿದ್ದರೆ ಅನಿಲ ಬಿಟ್ಟುಕೊಳ್ಳುತ್ತಿದೆ ಎಂದೇ ಅರ್ಥ.

ಎರಡನೆಯದಾಗಿ, ಬಿಯರಿನ ಉಷ್ಣತೆಯನ್ನು ಅಳೆಯಿರಿ. ಥರ್ಮೋಸ್ಟಾಟ್ ತೋರಿಸುವ ಅಂಕಿ ಕಪಾಟಿನೊಳಗಿನ ಗಾಳಿಯದು, ಬಿಯರಿನದಲ್ಲ. ಅಂಗಡಿಯಿಂದ ಕಾರಿನ ಡಿಕ್ಕಿಯಲ್ಲಿ ತಂದ ಕೆಗ್ ದಾರಿಯಲ್ಲೇ ಬೆಚ್ಚಗಾಗಿರುತ್ತದೆ, ಅದು ನಡುವಿನವರೆಗೂ ತಣ್ಣಗಾಗಲು ಒಂದು ಇಡೀ ದಿನ ಬೇಕು. ಸಂಜೆ ತಂದು ರಾತ್ರಿಯ ಅತಿಥಿಗಳಿಗೆ ಸುರಿಯಲು ಹೊರಟವರ ದೂರುಗಳನ್ನು ಓದಿ ಓದಿ ನನಗೆ ಸಾಕಾಗಿದೆ. ಮೊದಲ ಲೋಟವನ್ನು ಬದಿಗಿಟ್ಟು, ಎರಡನೆಯದರಲ್ಲಿ ಥರ್ಮಾಮೀಟರ್ ಅದ್ದಿ ನೋಡಿ. 38ರ ಆಸುಪಾಸಿನಲ್ಲಿ ಇಲ್ಲದಿದ್ದರೆ ಬೇರೆ ಯಾವುದನ್ನೂ ಮುಟ್ಟದೆ ಕಾಯಿರಿ. ಮೊದಲ ಲೋಟದಲ್ಲಿ ಮಾತ್ರ ನೊರೆ ಬಂದು ಆಮೇಲಿನವು ಸರಿಯಾಗಿದ್ದರೆ ಕೆಗ್‌ನಲ್ಲಿ ದೋಷವಿಲ್ಲ, ಹೊರಗಿನ ಟವರ್, ಅಂದರೆ ನಲ್ಲಿ ಕೂರಿಸಿರುವ ಕಂಬ, ಬೆಚ್ಚಗಿದೆ. ಒಳಗಿನ ತಣ್ಣನೆಯ ಗಾಳಿಯನ್ನು ಟವರಿಗೆ ಊದುವ ಸಣ್ಣ ಫ್ಯಾನ್ ಹಾಕಿಸಿದರೆ ಸಾಕು.

ಇಷ್ಟಾದ ಮೇಲೂ ಪ್ರತಿ ಲೋಟದಲ್ಲೂ ನೊರೆ ಬಂದರೆ ಪೈಪಿನ ಉದ್ದವನ್ನು ನೋಡಬೇಕು. ಒಂದು ಇಂಚಿನ ಹದಿನಾರರಲ್ಲಿ ಮೂರು ಭಾಗದಷ್ಟು ಒಳವ್ಯಾಸದ ವಿನೈಲ್ ಪೈಪು ಪ್ರತಿ ಅಡಿಗೆ ಸುಮಾರು 3 ಪಿಎಸ್‌ಐ ಒತ್ತಡವನ್ನು ತಿನ್ನುತ್ತದೆ ಎಂದು ಕೋಷ್ಟಕಗಳು ಹೇಳುತ್ತವೆ, ಆ ಲೆಕ್ಕವನ್ನು ನಂಬಿ ತಯಾರಕರು ನಾಲ್ಕೈದು ಅಡಿ ಪೈಪು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಮನೆಯ ಬಳಕೆಗೆ 10 ಅಡಿ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ, ಏಕೆಂದರೆ ಹೆಚ್ಚಾದದ್ದನ್ನು ಅರ್ಧರ್ಧ ಅಡಿಯಂತೆ ಕತ್ತರಿಸಬಹುದು, ಕಡಿಮೆಯಾದದ್ದನ್ನು ಬೆಳೆಸಲಾಗದು. ನಲ್ಲಿಯನ್ನು ಪೂರ್ತಿ ತೆರೆದಾಗ 16 ಔನ್ಸಿನ ಪೈಂಟ್ ಲೋಟ ತುಂಬಲು ಸುಮಾರು 8 ಸೆಕೆಂಡು ಹಿಡಿದರೆ ಅದೇ ಸರಿಯಾದ ವೇಗ. ನೊರೆಗೆ ಹೆದರಿ ನಲ್ಲಿಯನ್ನು ಅರ್ಧ ತೆರೆಯುವವರು ನೊರೆಯನ್ನು ತಾವೇ ಹೆಚ್ಚಿಸಿಕೊಳ್ಳುತ್ತಾರೆ.

ಪ್ರಶ್ನೆ: ಫ್ರೀಜರಿನಲ್ಲಿಟ್ಟ ಲೋಟ ಬಳಸಬಹುದೇ?

ಉತ್ತರ: ಬೇಡ, ಲೋಟದ ಮೇಲಿನ ಹಿಮದ ಹರಳುಗಳೇ ನೊರೆ ಎಬ್ಬಿಸುತ್ತವೆ.

ಪ್ರಶ್ನೆ: ಪೈಪನ್ನು ವಿನೆಗರ್ ಮತ್ತು ಅಡುಗೆ ಸೋಡಾದಿಂದ ತೊಳೆದರೆ ಸಾಲದೇ? ಪೈಪಿಗೆ ಸುತ್ತುವ ಎಲೆಕ್ಟ್ರಾನಿಕ್ ಸಾಧನ ಕೊಂಡರೆ ತೊಳೆಯುವುದೇ ಬೇಡವಂತೆ, ನಿಜವೇ?

ಉತ್ತರ: ಎರಡೂ ಸುಳ್ಳು. ವಿನೆಗರ್ ಆಮ್ಲ, ಸೋಡಾ ಕ್ಷಾರ. ಬೆರೆಸಿದರೆ ಒಂದು ಇನ್ನೊಂದರ ಬಲವನ್ನು ಕಳೆಯುತ್ತದೆ. ಎರಡು ವಾರಕ್ಕೊಮ್ಮೆ ಬಿಯರ್ ಪೈಪಿಗೆಂದೇ ಮಾಡಿದ ಕ್ಷಾರೀಯ ದ್ರಾವಣವನ್ನು ಹರಿಸಿ, ಆಮೇಲೆ ಸಾಕಷ್ಟು ನೀರು ಬಿಡಿ, ಮೂರು ತಿಂಗಳಿಗೊಮ್ಮೆ ಕಲ್ಲಿನಂತೆ ಕಟ್ಟುವ ಪದರವನ್ನು ತೆಗೆಯಲು ಆಮ್ಲೀಯ ದ್ರಾವಣ ಬಳಸಿ. ಸಾಧನ ಮಾರುವವರಿಗೆ ನಿಮ್ಮ ಹಣ ಬೇಕು, ನಿಮ್ಮ ಪೈಪಿನ ಚಿಂತೆ ಅವರಿಗಿಲ್ಲ.

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯಲ್ಲೂ ಇಂಥದ್ದೇ ವ್ಯವಸ್ಥೆ ಮಾಡಬಹುದೇ?

ಉತ್ತರ: ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಬಿಯರಿನ ಪ್ರಮಾಣಕ್ಕೆ ಕರ್ನಾಟಕದ ಅಬಕಾರಿ ನಿಯಮಗಳಲ್ಲಿ ಮಿತಿಯಿದೆ, ಇಲಾಖೆಯನ್ನು ಲಿಖಿತವಾಗಿ ಕೇಳದೆ ಒಂದು ಮೊಳೆಯನ್ನೂ ಹೊಡೆಯಬೇಡಿ.

ಪ್ರಶ್ನೆ: ಬಿಯರಿಗೆ ಬಳಸುವ ಇಂಗಾಲದ ಡೈಆಕ್ಸೈಡ್ ಸಿಲಿಂಡರನ್ನು ಕಿಟಕಿಯಿಲ್ಲದ ಸ್ಟೋರ್ ರೂಮಿನಲ್ಲಿ ಮಲಗಿಸಿ ಇಡಬಹುದೇ?

ಉತ್ತರ: ಖಂಡಿತ ಕೂಡದು. ಮಲಗಿಸಿದರೆ ದ್ರವರೂಪದ ಅನಿಲ ರೆಗ್ಯುಲೇಟರಿಗೆ ನುಗ್ಗುತ್ತದೆ, ಆದ್ದರಿಂದ ಅದನ್ನು ನಿಲ್ಲಿಸಿ ಸರಪಳಿಯಿಂದ ಕಟ್ಟಬೇಕು. ಕೋಣೆಯ ವಿಚಾರ ಇದಕ್ಕಿಂತ ಗಂಭೀರವಾದದ್ದು. 5 ಪೌಂಡಿನ ಸಿಲಿಂಡರ್ ಪೂರ್ತಿ ಸೋರಿದರೆ ಸುಮಾರು 1200 ಲೀಟರ್ ಅನಿಲ ಹೊರಬರುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಎಂಟಡಿ ಎತ್ತರದ ಮುಚ್ಚಿದ ಕೋಣೆಯಲ್ಲಿ ಅದು ಶೇ 5ನ್ನು ದಾಟುತ್ತದೆ. ಶೇ 4ಕ್ಕೇ ಜೀವಕ್ಕೆ ತಕ್ಷಣದ ಅಪಾಯವೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಗುರುತಿಸಿದೆ. ಈ ಅನಿಲಕ್ಕೆ ಬಣ್ಣವಿಲ್ಲ, ಎಚ್ಚರಿಸುವಂಥ ವಾಸನೆಯೂ ಇಲ್ಲ, ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ, ಮಕ್ಕಳು ಕೂತು ಆಡುವ ಎತ್ತರದಲ್ಲಿ ಮೊದಲು ಸೇರುತ್ತದೆ. ಪ್ರತಿ ಬಾರಿ ಸಿಲಿಂಡರ್ ಬದಲಿಸಿದಾಗಲೂ ಎಲ್ಲ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಿ, ಮಂಡಿಯ ಎತ್ತರದಲ್ಲಿ ಇಂಗಾಲದ ಡೈಆಕ್ಸೈಡ್ ಅಲಾರಂ ಅಳವಡಿಸಿ. ಮನೆಯಲ್ಲಿ ಈಗಾಗಲೇ ಇರುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದನ್ನು ಗುರುತಿಸುವುದಿಲ್ಲ.