ಆರಿದ್ರಾ ನಕ್ಷತ್ರ ಬರೀ ಚುಕ್ಕಿಯಾಗಿ ಕಾಣೋದು ಯಾಕೆ?

ಪ್ರಶ್ನೆ: ಮಗಳಿಗೆ ನಾಲ್ಕು ಇಂಚಿನ ಟೆಲಿಸ್ಕೋಪ್ ಕೊಡಿಸಿದ್ದೇನೆ. ಗದ್ದೆ ಬಯಲಿನಿಂದ ಗುರುವಿನ ಚಂದ್ರರು, ಶನಿಯ ಬಳೆ ಚೆನ್ನಾಗಿ ಕಾಣುತ್ತವೆ. ಆರಿದ್ರಾ ನಕ್ಷತ್ರ ಮಾತ್ರ ಎಷ್ಟು ದೊಡ್ಡದು ಮಾಡಿದರೂ ಕೆಂಪು ಚುಕ್ಕಿಯೇ. ಆದರೆ ಅದರ ಮೈಮೇಲೆ ಎರಡು ಹೊಳೆಯುವ ಕಲೆ ಇರುವ ಚಿತ್ರವನ್ನು ಅವಳು ನೋಡಿದ್ದಾಳೆ. ಅದು ನಿಜವಾದ ಫೋಟೊನಾ, ಸುಮ್ನೆ ಬರೆದದ್ದಾ?
– ಓದುಗರು, ಪಾಂಡವಪುರ

ಉತ್ತರ: ಫೋಟೊ ಅಲ್ಲ. ಸುಮ್ನೆ ಬರೆದದ್ದೂ ಅಲ್ಲ.

ಮೊದಲು ಚುಕ್ಕಿಯ ವಿಷಯ. ಚಾಮುಂಡಿ ಬೆಟ್ಟದ ಮೇಲೆ ನಿಂತು ಅರಮನೆ ಅಂಗಳದಲ್ಲಿರುವ ಹತ್ತು ರೂಪಾಯಿ ನಾಣ್ಯ ನೋಡಬೇಕು ಅಂದುಕೊಳ್ಳಿ. ನಿಮ್ಮ ಟೆಲಿಸ್ಕೋಪಿನ ಮಿತಿ ಹೆಚ್ಚುಕಮ್ಮಿ ಅಷ್ಟೇ. ಆರಿದ್ರಾ ನಮಗೆ ಎಷ್ಟು ದೊಡ್ಡದಾಗಿ ಕಾಣುತ್ತೆ ಗೊತ್ತಾ? ಅದೇ ನಾಣ್ಯವನ್ನು ಬೆಂಗಳೂರಿನಲ್ಲಿಟ್ಟು ಮೈಸೂರಿನಿಂದ ನೋಡಿದಷ್ಟು. ಜೂಮ್ ಮಾಡಿದರೆ ಮಸುಕು ದೊಡ್ಡದಾಗುತ್ತೆ, ನಕ್ಷತ್ರವಲ್ಲ.

ಹಾಗಾದರೆ ದೊಡ್ಡ ಕನ್ನಡಿ ಬೇಕಾ? ಬೇಕಿಲ್ಲ, ಅಂತರ ಸಾಕು. ಕುಕ್ಕರಹಳ್ಳಿ ಕೆರೆಗೆ ಎರಡು ಕಲ್ಲು ಒಟ್ಟಿಗೆ ಎಸೆದು ನೋಡಿ. ಅಲೆಗಳು ಸೇರಿದ ಕಡೆ ಕೆಲವು ಜಾಗದಲ್ಲಿ ನೀರು ಏರುತ್ತೆ, ಕೆಲವು ಕಡೆ ಅಲೆ ಸತ್ತುಹೋಗುತ್ತೆ. ದೂರ ದೂರ ಇಟ್ಟ ಎರಡು ಟೆಲಿಸ್ಕೋಪಿನ ಬೆಳಕನ್ನು ಒಂದೆಡೆ ತಂದರೂ ಹೀಗೆಯೇ ಕಪ್ಪು ಬಿಳುಪು ಪಟ್ಟೆ ಮೂಡುತ್ತೆ. ಅಂತರ ಹೆಚ್ಚಿಸುತ್ತಾ ಹೋದಂತೆ ಪಟ್ಟೆ ಮಂಕಾಗುತ್ತೆ. ಎಷ್ಟು ಅಂತರಕ್ಕೆ ಮಾಯವಾಯಿತು ಅನ್ನೋದೇ ನಕ್ಷತ್ರದ ಅಗಲವನ್ನು ಹೇಳಿಬಿಡುತ್ತೆ. 1920ರ ಡಿಸೆಂಬರಿನಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ವಿಜ್ಞಾನಿಗಳಾದ ಮೈಕಲ್ಸನ್ ಮತ್ತು ಪೀಸ್ ಹೀಗೆ ಅಳೆದದ್ದು ಇದೇ ಆರಿದ್ರಾವನ್ನು. ಕನ್ನಡಿಗಳ ನಡುವೆ ಸುಮಾರು ಹತ್ತು ಅಡಿ ಅಂತರವಾದಾಗ ಪಟ್ಟೆ ಮಾಯ! ಅದೂ ಟೆಲಿಸ್ಕೋಪಿಗೆ ಕಣ್ಣಿಟ್ಟು ಪಟ್ಟೆ ನೋಡುತ್ತಾ.

ಈಗಿನವರು ಹೆಚ್ಚಾಗಿ ಇನ್‌ಫ್ರಾರೆಡ್ ಹಿಡಿಯುತ್ತಾರೆ, ಅಂದರೆ ಕೆಂಪಿಗಿಂತ ಆಚೆಯ, ಕಣ್ಣಿಗೆ ಕಾಣದ ಬೆಳಕು. ಅದರ ಅಲೆ ಉದ್ದ. ಹಾಗಾಗಿ ಗಾಳಿಯ ನಡುಕ ಪಟ್ಟೆಯನ್ನು ಅಷ್ಟು ಬೇಗ ಕೆಡಿಸುವುದಿಲ್ಲ. ಆರಿದ್ರಾದಂಥ ತಣ್ಣನೆಯ ಕೆಂಪು ನಕ್ಷತ್ರ ಬೆಳಗೋದೂ ಅಲ್ಲೇ ಜಾಸ್ತಿ. ಕಷ್ಟ ಬೇರೆ ಕಡೆ ಇದೆ. ಎರಡೂ ದಾರಿಯ ಬೆಳಕು ಒಂದೇ ದೂರ ನಡೆದು ಬರಬೇಕು, ಕೂದಲೆಳೆಯಷ್ಟೂ ವ್ಯತ್ಯಾಸ ಆಗುವಂತಿಲ್ಲ. ಅದಕ್ಕೇ ಚಿಲಿಯ ಪರಾನಾಲ್ ಬೆಟ್ಟದ ವೀಕ್ಷಣಾಲಯದಲ್ಲಿ ಸುರಂಗದೊಳಗೆ ಹಳಿ ಹಾಕಿ, ಕನ್ನಡಿ ಹೊತ್ತ ಗಾಡಿಗಳನ್ನು ರಾತ್ರಿಯಿಡೀ ಹಿಂದೆ ಮುಂದೆ ಓಡಿಸುತ್ತಾರೆ.

ನಿಮ್ಮ ಮಗಳು ನೋಡಿದ ಎರಡು ಕಲೆಯ ಚಿತ್ರ, ನನ್ನ ಅಂದಾಜಿನಲ್ಲಿ, 2009ರಲ್ಲಿ ಪ್ರಕಟವಾದದ್ದು. ಅರಿಜೋನಾದ ಐಒಟಿಎ ಎಂಬ ಜೋಡಣೆಯದು. ಅಲ್ಲಿದ್ದದ್ದು 45 ಸೆಂಟಿಮೀಟರಿನ ಮೂರೇ ಟೆಲಿಸ್ಕೋಪ್, ಆದರೆ ಅಂತರ 38 ಮೀಟರ್ ತನಕ. ಇಷ್ಟರಿಂದ ಆರಿದ್ರಾದ ಅಗಲಕ್ಕೆ ಸುಮಾರು ಐದು ಚುಕ್ಕಿಯಷ್ಟು ವಿವರ ಸಿಗುತ್ತೆ, ಅಷ್ಟೇ. ಉಳಿದ ನುಣುಪು ಕಂಪ್ಯೂಟರಿನದು. ಅಳೆದ ಪಟ್ಟೆಗಳಿಗೆ ಹೊಂದುವ ಚಿತ್ರ ಯಾವುದು ಅಂತ ಅದು ಹುಡುಕಿ ಕೊಡುತ್ತೆ. ಹಾಗಾಗಿ ನಕ್ಷತ್ರದ ಅಗಲವನ್ನು ಕಣ್ಣು ಮುಚ್ಚಿ ನಂಬುತ್ತೇನೆ. ಕಲೆಗಳು ಇವೆ ಅನ್ನೋದನ್ನೂ ನಂಬುತ್ತೇನೆ. ಕಲೆಯ ಅಂಚು ಹೀಗೇ ಇದೆ ಅಂದರೆ ನಂಬೋಲ್ಲ. ಚಿತ್ರದ ಬಣ್ಣವಂತೂ ಹಚ್ಚಿದ್ದೇ, ಇನ್‌ಫ್ರಾರೆಡ್‌ಗೆ ಎಲ್ಲಿಯ ಬಣ್ಣ?

ಅಂದಹಾಗೆ, ಆರಿದ್ರಾ ಮಳೆ ಹುಯ್ಯುವ ಜೂನ್ ಕೊನೆಯಲ್ಲಿ ಈ ನಕ್ಷತ್ರ ಹುಡುಕಬೇಡಿ. ಆಗ ಸೂರ್ಯ ಆ ದಿಕ್ಕಿನಲ್ಲೇ ಇರುತ್ತಾನೆ, ಮಳೆಗೆ ಆ ಹೆಸರು ಬಂದದ್ದೂ ಅದಕ್ಕೇ. ಜನವರಿಯ ಸಂಜೆ ಪೂರ್ವಕ್ಕೆ ನೋಡಿ.